ಅಕುಶಲರ ಬೆಂಚಿನ ಜೋಡಿಯಕ್ಕ

ಕತ್ತರಿ ಕಾರ್ಖಾನೆಯ ಪೂರ್ವದ ಗೋಡೆಗೆ ಇರುವುದು ಒಂದೇ ಕಿಟಕಿ. ಬೆಳಕು ಹರಿಯುವ ಹೊತ್ತಿಗೆ ಅದರ ಮುಂದೆ ಒಬ್ಬ ಹೆಂಗಸು ನಿಂತಿರುತ್ತಾರೆ. ಯಂತ್ರಗಳಿಗೆ ಇನ್ನೂ ಕರೆಂಟು ಕೊಟ್ಟಿಲ್ಲ. ಕಾವಲುಗಾರ ಗೇಟಿನ ಬೀಗ ತೆಗೆದು ಮತ್ತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಾನೆ. ಗಾಜಿನ ಮೇಲೆ ಕೂತ ಸಾಣೆಯ ಧೂಳನ್ನು ಅವರು ಒರೆಸುತ್ತಾರೆ. ಬುಟ್ಟಿಯಿಂದ ಒಂದು ಕತ್ತರಿ ತೆಗೆದು, ಮುಚ್ಚಿ, ಬೆಳಕಿಗೆ ಅಡ್ಡವಾಗಿ ಹಿಡಿಯುತ್ತಾರೆ. ಒಂದು ಕಣ್ಣು ಮುಚ್ಚಿಕೊಂಡು ಎರಡು ಅಲಗುಗಳ ನಡುವಿನ ಸಂದನ್ನು ನೋಡುತ್ತಾರೆ. ತುದಿಯಲ್ಲಿ ಸಂದು ಇರಬಾರದು. ನಡುವೆ ಕೂದಲೆಳೆಯಷ್ಟು ಇರಲೇಬೇಕು. ಇಲ್ಲದಿದ್ದರೆ ಕತ್ತರಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ.

"ಟ್ಯೂಬ್‌ಲೈಟು ಸುಳ್ಳು ಹೇಳುತ್ತೆ" ಎನ್ನುತ್ತಾರೆ ಅವರು, ಕತ್ತರಿಯಿಂದ ಕಣ್ಣು ತೆಗೆಯದೆ. "ಮೇಲಿಂದ ಬೀಳೋ ಬೆಳಕಲ್ಲಿ ಎಲ್ಲಾ ಕತ್ತರಿನೂ ಚೆನ್ನಾಗೇ ಕಾಣುತ್ತೆ. ಪಕ್ಕದಿಂದ ಬರೋ ಬೆಳಕು ಬೇಕು. ಅದು ಇರೋದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಅದಕ್ಕೇ ಬೇಗ ಬರ್ತೀನಿ. ಯಾರೂ ಬಾ ಅಂದಿಲ್ಲ, ಯಾರೂ ಬೇಡ ಅಂದಿಲ್ಲ."

ಸಂದು ಸರಿ ಇಲ್ಲದ ಕತ್ತರಿಯ ತಿರುಪು ಬಿಚ್ಚಿ, ಅಲಗನ್ನು ಸಣ್ಣ ಅಡಿಗಲ್ಲಿನ ಮೇಲಿಟ್ಟು, ಅಂಗೈಯಗಲದ ಸುತ್ತಿಗೆಯಿಂದ ಒಂದೆರಡು ಸಲ ತಟ್ಟುತ್ತಾರೆ. ಬಡಿಯುವ ಸದ್ದಲ್ಲ ಅದು, ಬಾಗಿಲು ತಟ್ಟಿ ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುವ ಸದ್ದು. ಅಲಗು ಕಾಣದಷ್ಟು ಬಾಗುತ್ತದೆ. ಇದಕ್ಕೆ ಇಲ್ಲಿನವರು "ಹೊಟ್ಟೆ ಕೊಡುವುದು" ಎನ್ನುತ್ತಾರೆ. ಹೊಟ್ಟೆ ಬಂದ ಎರಡು ಅಲಗುಗಳನ್ನು ಎದುರುಬದುರು ಮಾಡಿ ತಿರುಪು ಬಿಗಿದರೆ, ಅವು ತಿರುಪಿನ ಬುಡದಿಂದ ತುದಿಯವರೆಗೆ ಒಂದೊಂದೇ ಬಿಂದುವಿನಲ್ಲಿ ತಾಗುತ್ತಾ ಹೋಗುತ್ತವೆ. ದಿನಕ್ಕೆ ನೂರರಿಂದ ನೂರಿಪ್ಪತ್ತು ಜೋಡಿ ಅವರ ಕೈಯಿಂದ ಹೀಗೆ ದಾಟುತ್ತವೆ. ಅದಕ್ಕೇ ಅವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಜೋಡಿಯಕ್ಕ ಎಂದು ಕರೆಯುತ್ತಾರೆ. ಮಾಲೀಕರಿಗೂ ಅವರು ಜೋಡಿಯಕ್ಕನೇ.

"ಊರಿನ ಅಲಗಿಗೆಲ್ಲ ಜೋಡಿ ಹುಡುಕಿ ಕೊಟ್ಟೆ, ನನ್ನ ಜೋಡಿ ಮಾತ್ರ ಬೇಗ ಹೊರಟುಹೋಯ್ತು" ಎಂದು ತಮಾಷೆ ಮಾಡುವುದೂ ಅವರೇ. ಗಂಡ ಇದೇ ಕಾರ್ಖಾನೆಯಲ್ಲಿ ಸಾಣೆ ಹಿಡಿಯುತ್ತಿದ್ದವರು. ಎದೆಗೆ ಧೂಳು ಕಟ್ಟಿ ತೀರಿಕೊಂಡ ಮೇಲೆ ಅವರ ಜಾಗಕ್ಕಲ್ಲದಿದ್ದರೂ ಅದೇ ಸೂರಿನ ಕೆಳಗೆ ಇವರು ಬಂದರು. ಮೊದಲು ಅಲಗು ತೊಳೆಯುವ ತೊಟ್ಟಿ, ಆಮೇಲೆ ಎಣ್ಣೆ ಹಚ್ಚುವ ಮೇಜು, ಕೊನೆಗೆ ಈ ಬೆಂಚು. ಇವರಿಗಿಂತ ಮುಂಚೆ ಬೆಂಚಿನಲ್ಲಿದ್ದ ಮುದುಕ ಹೊಟ್ಟೆ ಕೊಡುವುದನ್ನು ಕಲಿಸಿದ್ದು ಬಾಯಿಂದಲ್ಲ. ತಪ್ಪಾದ ಕತ್ತರಿಯನ್ನು ಏನೂ ಹೇಳದೆ ಇವರ ಮಡಿಲಿಗೆ ವಾಪಸು ಹಾಕುತ್ತಿದ್ದನಂತೆ. "ಬೈದಿದ್ರೆ ಬೇಗ ಕಲೀತಿದ್ದೆನೋ ಏನೋ. ಸುಮ್ಮನೆ ವಾಪಸು ಬಂದ ಕತ್ತರಿ ಇದೆಯಲ್ಲ, ಅದರಷ್ಟು ದೊಡ್ಡ ಬೈಗುಳ ಇನ್ನೊಂದಿಲ್ಲ."

ಈಗ ಆ ಬೆಂಚಿನಲ್ಲಿ ಐದು ಜನ ಹೆಂಗಸರು. ನಾಲ್ವರು ತಿರುಪು ಬಿಗಿದು, ಎಣ್ಣೆ ಬಿಟ್ಟು, ಒರೆಸುತ್ತಾರೆ. ಹೊಟ್ಟೆ ಕೊಡುವುದು ಜೋಡಿಯಕ್ಕ ಒಬ್ಬರೇ. ಈ ಐವರ ಕಥೆಯನ್ನು ಬರೆಯಲು ಹೊರಟರೆ ಕನಿಷ್ಠ ವೇತನದ ಹೊಸ ಆದೇಶದಿಂದಲೇ ಶುರುಮಾಡಬೇಕು. ಆದೇಶ ಬಂದಾಗಿನಿಂದ ಇಲ್ಲಿ ಕೂಡಿಸುವವರು, ಕಳೆಯುವವರು ಎಲ್ಲರೂ ಇದ್ದಾರೆ. ಇಬ್ಬರ ಉತ್ತರ ಒಂದೇ ಬಂದದ್ದನ್ನು ನಾನಂತೂ ಕೇಳಿಲ್ಲ.

ಆದೇಶ ಸರಳವಾಗಿದೆ ಎಂದು ಮೊದಲ ಓದಿಗೆ ಅನ್ನಿಸುತ್ತದೆ. ಕನಿಷ್ಠ ಕೂಲಿಯನ್ನು ಐದರಲ್ಲಿ ಒಂದು ಪಾಲಿನಷ್ಟು ಏರಿಸಬೇಕು. ಕೆಲಸಗಾರರನ್ನು ಮೂರು ಗುಂಪು ಮಾಡಬೇಕು: ಕುಶಲ, ಅರೆಕುಶಲ, ಅಕುಶಲ. ಒಂದೊಂದು ಗುಂಪಿಗೆ ಒಂದೊಂದು ದರ. ಮಾಲೀಕರು ಹೆಸರುಗಳನ್ನು ಮೂರು ಸಾಲಿನಲ್ಲಿ ಟೈಪು ಮಾಡಿಸಿ ನೀರಿನ ಡ್ರಮ್ಮಿನ ಪಕ್ಕದ ಹಲಗೆಗೆ ಅಂಟಿಸಿದರು. ಅಚ್ಚು ಮಾಡುವ ಮೇಸ್ತ್ರಿ ಕುಶಲ. ಸಾಣೆ ಹಿಡಿಯುವವರು ಅರೆಕುಶಲ. ಜೋಡಿಯಕ್ಕ ಮತ್ತು ಬೆಂಚಿನವರು, ಅಲಗು ತೊಳೆಯುವವರ ಜೊತೆಗೆ, ಅಕುಶಲ.

ಎಡವಟ್ಟಾದದ್ದು ಇಲ್ಲೇ. ಪಟ್ಟಿ ಬೀಳುವ ಹಿಂದಿನ ವಾರವಷ್ಟೇ ಕಾರ್ಖಾನೆಗೆ ವೈದ್ಯರೊಬ್ಬರು ಬಂದು ಎಲ್ಲರ ಕಣ್ಣು, ರಕ್ತದೊತ್ತಡ, ಎದೆ ನೋಡಿ ಹೋಗಿದ್ದರು. ಜೋಡಿಯಕ್ಕನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕುವಾಗ ವೈದ್ಯರು "ಹ್ಞೂಂ" ಎಂದಿದ್ದರು. ಏನು ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಆ "ಹ್ಞೂಂ" ಒಂದು ವಾರದಿಂದ ತಲೆಯಲ್ಲಿ ಕೊರೆಯುತ್ತಿತ್ತು. ಅಷ್ಟರಲ್ಲಿ ಹಲಗೆಯ ಮೇಲೆ ತಮ್ಮ ಹೆಸರಿನ ಮೇಲೆ ದಪ್ಪಕ್ಷರದಲ್ಲಿ "ಅಕುಶಲ" ಎಂದು ಓದಿದರು.

"ಕುಶಲ ಅಂದ್ರೆ ನಮಗೆ ಗೊತ್ತಿರೋದು ಒಂದೇ" ಎನ್ನುತ್ತಾರೆ. "ಕಾಗದ ಬರೀವಾಗ ನಾವೆಲ್ಲ ಕುಶಲ, ನೀವೂ ಕುಶಲ ಅಂತ ತಿಳೀತೀವಿ ಅಂತ ಬರೀತಾರಲ್ಲ, ಅದು. ಅಕುಶಲ ಅಂದ್ಮೇಲೆ ಇನ್ನೇನಿದೆ? ಏನೋ ಕಾಯಿಲೆ ಸಿಕ್ಕಿದೆ, ಮನೆಗೆ ಕಳಿಸ್ತಾರೆ ಅಂದ್ಕೊಂಡೆ."

ಪಕ್ಕದಲ್ಲಿ ನಿಂತಿದ್ದ ಉದ್ದಜಡೆ (ಬೆಂಚಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಜಡೆ ಯಂತ್ರಕ್ಕೆ ಸಿಕ್ಕೀತೆಂದು ಸದಾ ಮೇಲೆ ಸುತ್ತಿ ಕಟ್ಟಿರುತ್ತಾಳೆ) ಪಟ್ಟಿಯ ಮೊದಲ ಸಾಲು ನೋಡಿ ಬೆಚ್ಚಿದ್ದಳು.

"ಅಕ್ಕ, ಮೇಸ್ತ್ರಿ ಕುಶಲ ಅಂತೆ."

"ಯಾವ ಮೇಸ್ತ್ರಿ?"

"ಅಚ್ಚಿನ ಮೇಸ್ತ್ರಿ. ದಿನಾ ಕೆಮ್ಮಿ ಕೆಮ್ಮಿ ನಮ್ಮ ಊಟದ ಡಬ್ಬಿಗೆಲ್ಲ ಉಗುಳು ಹಾರಿಸ್ತಾರಲ್ಲ, ಅವರು ಒಬ್ಬರೇ ಕುಶಲ. ಸಾಣೆಯವರೆಲ್ಲ ಅರ್ಧ ಕುಶಲ. ನಾವೈದು ಜನ ಪೂರ್ತಿ ಕೆಟ್ಟಿದ್ದೀವಿ."

"ಹಾಗಾದ್ರೆ ಆ ಡಾಕ್ಟರು ನನ್ನ ಎದೆ ನೋಡಿದ್ರೋ ಅವನ ಎದೆ ನೋಡಿದ್ರೋ?"

ಅಂದು ಮಧ್ಯಾಹ್ನ ಬೆಂಚಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಜೋಡಿಯಕ್ಕ ಒಗೆದ ಬಟ್ಟೆ ಉಟ್ಟು, ತಲೆ ಬಾಚಿ, ಮುಖಕ್ಕೆ ತಣ್ಣೀರು ಹೊಡೆದುಕೊಂಡು ಮಾಲೀಕರ ಕೋಣೆಗೆ ಹೋದರು. ತಾವು ಗಟ್ಟಿಮುಟ್ಟಾಗಿದ್ದೇವೆಂದು ತೋರಿಸಬೇಕಾಗಿತ್ತು. ಹೋಗುವಾಗ ಅಲಗು ತುಂಬಿದ ಒಂದು ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡೇ ಹೋದರು.

ಆ ಕೋಣೆಯಲ್ಲಿ ನಡೆದ ಮಾತನ್ನು ನನಗೆ ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದಾರೆ. ಮಾತು ಒಂದೇ, ಅರ್ಥ ಮಾತ್ರ ಎರಡು. ಮಾಲೀಕರಿಗೆ ಆ ದಿನಗಳಲ್ಲಿ ಕುಶಲ ಎಂಬ ಪದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಕುಶಲ ಅಂದರೆ ಮೇಲಿನ ದರ.

"ಸಾರ್, ನಾನು ಕುಶಲವಾಗೇ ಇದ್ದೀನಿ."

"ಅದನ್ನ ನೀವು ಹೇಳಿದ್ರೆ ಆಗಲ್ಲಮ್ಮ."

"ಇನ್ಯಾರು ಹೇಳ್ಬೇಕು ಸಾರ್? ಇಷ್ಟು ವರ್ಷದಲ್ಲಿ ಒಂದು ದಿನ ಮಲಗಿಲ್ಲ ನಾನು."

"ವರ್ಷ ಆದ ಮಾತ್ರಕ್ಕೆ ಕುಶಲ ಆಗಲ್ಲ ಜೋಡಿಯಕ್ಕ. ನಿಮ್ಮೊಬ್ಬರನ್ನ ಕುಶಲ ಅಂತ ಬರೆದ್ರೆ ನಾಳೆ ಬೆಂಚಿಗೆ ಬೆಂಚೇ ಬಂದು ನಿಲ್ಲುತ್ತೆ."

"ಅವರೂ ಕುಶಲವಾಗೇ ಇದ್ದಾರೆ ಸಾರ್. ಉದ್ದಜಡೆಗೆ ಮಾತ್ರ ಆಗಾಗ ತಲೆನೋವು."

"ತಲೆನೋವು ನನಗೆ. ಐದೂ ಜನ ಕುಶಲ ಆದ್ರೆ ಕಂಪನಿ ಮುಳುಗುತ್ತೆ."

"ನಾವು ಕುಶಲವಾಗಿದ್ರೆ ಕಂಪನಿ ಯಾಕೆ ಸಾರ್ ಮುಳುಗುತ್ತೆ?"

ಇಲ್ಲಿ ಮಾಲೀಕರ ತಾಳ್ಮೆ ತಪ್ಪಿತು. ಮನಸ್ಸಿನಲ್ಲಿದ್ದದ್ದೆಲ್ಲ ಬಾಯಿಗೆ ಬಂತು. "ನೋಡಿ, ಆದೇಶದಲ್ಲಿ ಏನಿದೆ ಅಂತ ನನಗೂ ಗೊತ್ತು. ಕಣ್ಣಳತೆ ಕೈಯಳತೆಯಲ್ಲಿ ಬಿಡಿಭಾಗ ಹೊಂದಿಸೋರು ಕುಶಲ ಅಂತ ಬರೆದಿದ್ದಾರೆ. ಅದು ನೀವೇ. ಇಲ್ಲ ಅನ್ನಲ್ಲ. ಆದ್ರೆ ಅಷ್ಟು ಕೂಲಿ ನಾನು ಎಲ್ಲಿಂದ ತರಲಿ?"

"ಕೂಲಿ ಯಾಕೆ ಸಾರ್" ಎಂದರು ಜೋಡಿಯಕ್ಕ. "ನನಗೆ ಒಂದು ಮಾತ್ರೆ ಕೂಡ ಬೇಡ."

ಮಾಲೀಕರು ಅವರನ್ನು ನೋಡಿದರಂತೆ. ಆಮೇಲೆ ಬುಟ್ಟಿಯನ್ನು ನೋಡಿದರಂತೆ. "ಅದು ಯಾಕೆ ಎತ್ಕೊಂಡು ಬಂದಿದ್ದೀರಿ?" ಎಂದು ಕೇಳಿದರಂತೆ. "ಆರೋಗ್ಯ ತೋರಿಸೋಕೆ" ಎಂದಾಗ ಅವರಿಗೆ ಎಲ್ಲ ಅರ್ಥವಾಯಿತು. ನನ್ನೆದುರು ಇದನ್ನು ಹೇಳುವಾಗ ಅವರು ಕನ್ನಡಕ ತೆಗೆದು ಮೂಗಿನ ಬುಡ ಒತ್ತಿಕೊಳ್ಳುತ್ತಾರೆ. ನಗುತ್ತಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. "ನನ್ನ ಬಾಯಾರೆ ನಾನೇ ಹೇಳಿಬಿಟ್ಟೆ. ಆಕೆ ಕೇಳೋಕೆ ಬಂದಿರಲೇ ಇಲ್ಲ."

ಹೀಗೆ ಜೋಡಿಯಕ್ಕ ತಮಗೆ ಕಾಯಿಲೆ ಇಲ್ಲ ಎಂದು ಹೇಳಲು ಒಳಗೆ ಹೋಗಿ, ತಾವು ಮೇಲಿನ ದರದವರು ಎಂದು ತಿಳಿದುಕೊಂಡು ಹೊರಗೆ ಬಂದರು. ಪಟ್ಟಿಗೆ ಆಕ್ಷೇಪ ಇದ್ದವರು ತಿಂಗಳೊಳಗೆ ಕಾರ್ಮಿಕ ಅಧಿಕಾರಿಗೆ ತಿಳಿಸಬಹುದು. ತಿಳಿಸಬೇಕೋ ಬೇಡವೋ ಎನ್ನುವುದೇ ಆಮೇಲಿನ ದಿನಗಳಲ್ಲಿ ಅವರನ್ನು ಕಾಡಿದ ಪ್ರಶ್ನೆ. ಯಾಕೆಂದರೆ ಮಾಲೀಕರು ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದರು. ಬೆಂಚಿನ ದರ ಅಷ್ಟು ಏರಿದರೆ ಬೆಂಚನ್ನೇ ಎತ್ತಬೇಕಾಗುತ್ತದೆ. ತಿರುಪಿನ ಬದಲು ಯಂತ್ರದಲ್ಲಿ ಮೊಳೆ ಒತ್ತಿಸಿ ಅಲಗು ಜೋಡಿಸಬಹುದು. ಅದಕ್ಕೆ ಗುಂಡಿ ಅದುಮಲು ಇಬ್ಬರು ಸಾಕು. ಹಾಗೆ ಮಾಡಿಸಿದ ಒಂದು ಕತ್ತರಿಯನ್ನು ಅವರು ಮೇಜಿನ ಖಾನೆಯಿಂದ ತೆಗೆದು ತೋರಿಸಿದರು. ಜೋಡಿಯಕ್ಕ ಅದನ್ನು ತೆರೆದು ಮುಚ್ಚಿ ನೋಡಿದರು. "ಕೆಟ್ಟದಾಗೇನೂ ಇರ್ಲಿಲ್ಲ" ಎಂದು ಅವರೇ ಒಪ್ಪಿಕೊಳ್ಳುತ್ತಾರೆ. "ಅದೇ ನನಗೆ ಹೆದರಿಕೆ ಆಗಿದ್ದು."

ಮಾಲೀಕರನ್ನು ಕೆಟ್ಟವರೆಂದು ಬರೆಯುವುದು ಸುಲಭ. ಆದರೆ ಅವರ ಮೇಜಿನ ಗಾಜಿನ ಕೆಳಗೆ ಬ್ಯಾಂಕಿನ ಎರಡು ನೋಟಿಸುಗಳಿವೆ, ಒಡೆದ ಗಾಜಿಗೆ ಅಂಟುಪಟ್ಟಿ ಹಚ್ಚಿದ್ದಾರೆ. ಲೆಕ್ಕ ಹೇಳಿ ಎಂದರೆ ಅವರು ಹತ್ತು ತಿರುಪುಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. "ಒಂದು ಕತ್ತರಿ ಮಾರಿದ್ರೆ ಬರೋ ದುಡ್ಡು ಇದು ಅಂತ ಇಟ್ಕೊಳ್ಳಿ." ನಾಲ್ಕನ್ನು ಆಚೆ ಸರಿಸುತ್ತಾರೆ, ಅದು ಉಕ್ಕು. ಮೂರು ಕೂಲಿ. ಎರಡು ಕರೆಂಟು, ಬಾಡಿಗೆ, ಸಾಗಾಣಿಕೆ. ಉಳಿದ ಒಂದರಲ್ಲಿ ಬ್ಯಾಂಕಿನ ಬಡ್ಡಿ ಕಟ್ಟಬೇಕು, ಅವರ ಮನೆಯೂ ನಡೆಯಬೇಕು. ಮೂರು ಪಾಲಿನ ಕೂಲಿ ಐದರಲ್ಲಿ ಒಂದರಷ್ಟು ಏರಿದರೆ ಆ ಕೊನೆಯ ತಿರುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. "ಕೂಲಿ ಏರಬಾರದು ಅಂತ ನಾನು ಯಾವತ್ತೂ ಅಂದಿಲ್ಲ. ನಮ್ಮಪ್ಪನೂ ಸಾಣೆ ಹಿಡಿದವನೇ. ಬೆಲೆ ಏರಿಸೋಣ ಅಂದ್ರೆ ಸಗಟು ವ್ಯಾಪಾರಿ ಆಚೆ ಕಡೆಯಿಂದ ಬರೋ ಅಗ್ಗದ ಕತ್ತರಿ ತೋರಿಸ್ತಾನೆ. ಹಾಗಾದ್ರೆ ಎಲ್ಲಿ ಕತ್ತರಿ ಹಾಕಲಿ ಹೇಳಿ. ಕತ್ತರಿ ಮಾಡೋನಿಗೇ ಗೊತ್ತಾಗ್ತಿಲ್ಲ."

ಆದರೆ ಅದೇ ಮಾಲೀಕರು, ತಿರುಪುಗಳನ್ನು ಡಬ್ಬಿಗೆ ತುಂಬುತ್ತಾ, ಲೆಕ್ಕಕ್ಕೆ ಸಿಗದ ಇನ್ನೊಂದು ವಿಷಯವನ್ನೂ ಹೇಳುತ್ತಾರೆ. ಮೊದಲು ಸಾಣೆಯ ಹುಡುಗರು ಕೆಲಸ ಕಲಿತ ಕೂಡಲೇ ಚೂರು ಹೆಚ್ಚಿಗೆ ಸಿಗುವಲ್ಲಿಗೆ ಓಡುತ್ತಿದ್ದರು. ಹೊಸಬರು ಅಲಗು ಸುಟ್ಟು ಹಾಳು ಮಾಡುತ್ತಿದ್ದರು. ಕೂಲಿ ಏರಿದ ಮೇಲೆ ಒಬ್ಬನೂ ಬಿಟ್ಟಿಲ್ಲ, ಹಾಳಾಗುವ ಉಕ್ಕು ಕಡಿಮೆಯಾಗಿದೆ. "ನನ್ನ ಲೆಕ್ಕದ ಪ್ರಕಾರ ಈ ತಿಂಗಳು ನಾನು ಮುಳುಗಬೇಕಿತ್ತು. ಮುಳುಗಿಲ್ಲ. ಯಾಕೆ ಅಂತ ಕೇಳ್ಬೇಡಿ. ಮುಂದಿನ ತಿಂಗಳು ಮುಳುಗ್ತೀನೇನೋ." ಪಕ್ಕದ ಬಾಚಣಿಗೆ ಕಾರ್ಖಾನೆ ಬಾಗಿಲು ಹಾಕಿದೆ. ಕೂಲಿ ಏರಿದ್ದಕ್ಕೇ ಅದು ಮುಚ್ಚಿತು ಎಂದು ಮಾಲೀಕರು ಹೇಳುತ್ತಾರೆ. ಅದರ ಕಾವಲುಗಾರನನ್ನು ಕೇಳಿದರೆ ಬೇರೆ ಕಥೆ ಬರುತ್ತದೆ: "ಯಜಮಾನ್ರು ಅಣ್ಣ ತಮ್ಮ ಮಾತು ಬಿಟ್ಟು ಎರಡು ವರ್ಷ ಆಯ್ತು. ಕೂಲಿ ಒಂದು ನೆಪ ಸಿಕ್ತು ಅಷ್ಟೆ." ಇಬ್ಬರೂ ಖಚಿತವಾಗಿ ಹೇಳುತ್ತಾರೆ. ಇಬ್ಬರ ಮಾತನ್ನೂ ನಾನು ಬರೆದುಕೊಂಡಿದ್ದೇನೆ, ಯಾವುದನ್ನು ಹೊಡೆದುಹಾಕಬೇಕು ಎಂದು ನನಗೂ ತಿಳಿದಿಲ್ಲ.

ಜೋಡಿಯಕ್ಕನ ಮನೆ ಕಾರ್ಖಾನೆಯಿಂದ ನಡೆದು ಹೋಗುವಷ್ಟು ದೂರ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲಿಗೆ ಒಂದೇ ಕಡೆ ಕಟಕಟೆ. ಒಳಗೆ ಗೋಡೆಗೆ ಒರಗಿಸಿದ ಇಸ್ತ್ರಿ ಹಲಗೆ, ನೀಟಾಗಿ ಮಡಿಸಿದ ಪರರ ಅಂಗಿಗಳು. ಅವು ನಾದಿನಿ ಇಸ್ತ್ರಿಗೆ ತಂದವು. ಗಂಡನ ತಂಗಿ, ಮದುವೆಯಾಗದವರು, ಲಾಂಡ್ರಿಯಲ್ಲಿ ಕೆಲಸ. ಅಣ್ಣ ಹೋದ ಮೇಲೆ ಇಬ್ಬರು ಹೆಂಗಸರೂ ಒಟ್ಟಿಗೇ ಉಳಿದರು. ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವುದಿಲ್ಲ, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಉಣ್ಣುವುದೂ ಇಲ್ಲ.

"ನಮ್ಮತ್ತಿಗೆ ಅಕುಶಲ ಅಂದಾಗ ಅತ್ತರು" ಎನ್ನುತ್ತಾರೆ ನಾದಿನಿ, ಕಾಲರಿಗೆ ನೀರು ಚಿಮುಕಿಸುತ್ತಾ. "ಕುಶಲ ಅಂತ ಗೊತ್ತಾದ ಮೇಲೆ ಜ್ವರ ಬಂದೋರ ಥರ ಕೂತ್ರು."

"ನಿನಗೇನು, ನಿನ್ನ ಇಸ್ತ್ರಿಪೆಟ್ಟಿಗೆಗೆ ಯಾರೂ ಆಕ್ಷೇಪ ಹಾಕಲ್ಲ."

"ಹಾಕಿ ಅಂತ ನಾನು ಹೇಳ್ತಾನೇ ಇದ್ದೀನಿ. ಕೇಳೋದು ನಿಮ್ಮ ಹಕ್ಕು ಅತ್ತಿಗೆ."

"ಹಕ್ಕು ಕೇಳಿ ಬೆಂಚು ಹೋದ್ರೆ? ಆ ನಾಲ್ಕು ಜನ ನನ್ನ ಮುಖ ನೋಡ್ತಾರಾ?"

"ಕೇಳದೇ ಇದ್ರೆ ಬೆಂಚು ಇರುತ್ತೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಖಾನೆಯಲ್ಲಿ ಮೊಳೆ ಕತ್ತರಿ ಮೊದಲೇ ಮಾಡಿಸಿ ಇಟ್ಟಿದ್ರಲ್ಲ."

ಇನ್ನೊಂದು ನೋವನ್ನು ಜೋಡಿಯಕ್ಕ ತಡವಾಗಿ, ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಮೊದಲು ಅಲಗು ತೊಳೆಯುವ ಹೊಸ ಹುಡುಗಿಗಿಂತ ಅವರಿಗೆ ಸಾಕಷ್ಟು ಹೆಚ್ಚು ಸಿಗುತ್ತಿತ್ತು. ಆದೇಶ ಕೆಳಗಿನವರನ್ನು ಮೇಲಕ್ಕೆತ್ತಿತು. ಇವರು ಅಕುಶಲರ ಸಾಲಿನಲ್ಲೇ ಇದ್ದುದರಿಂದ ಹೆಚ್ಚುಕಡಿಮೆ ಇದ್ದಲ್ಲೇ ಉಳಿದರು. "ನಿನ್ನೆ ಬಂದವಳಿಗೂ ನನಗೂ ಈಗ ಎರಡು ಕಪ್ ಟೀಯಷ್ಟು ವ್ಯತ್ಯಾಸ. ಅವಳಿಗೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಅವಳಿಗೆ ಸಣ್ಣ ಮಗು ಇದೆ. ಆದ್ರೂ ಪಗಾರದ ದಿನ ಅವಳ ಪಕ್ಕ ನಿಲ್ಲೋಕೆ ಯಾಕೋ ಕಸಿವಿಸಿ. ಸಂತೋಷಪಡಬೇಕೋ ಬೇಜಾರು ಮಾಡ್ಕೋಬೇಕೋ ಗೊತ್ತಾಗಲ್ಲ. ಎರಡೂ ಒಟ್ಟಿಗೆ ಬರುತ್ತೆ."

ಬೆಂಚಿನಲ್ಲೂ ಒಮ್ಮತವಿರಲಿಲ್ಲ. ಉದ್ದಜಡೆ ಕೇಳಲೇಬೇಕು ಅಂದಳು. ಉಳಿದವರಲ್ಲಿ ಇಬ್ಬರು ಬೇಡ ಅಂದರು, ಇನ್ನೊಬ್ಬರು ಬೆಳಿಗ್ಗೆ ಬೇಕು, ಸಂಜೆ ಬೇಡ. ಅಚ್ಚಿನ ಮೇಸ್ತ್ರಿ ಕೆಮ್ಮಿನ ನಡುವೆ "ಸುಮ್ಮನಿರಿ, ಎಲ್ಲ ತಾನಾಗೇ ಸರಿಹೋಗುತ್ತೆ" ಎಂದು ಸಮಾಧಾನ ಹೇಳಲು ಬಂದಾಗ, "ನೀವು ಕುಶಲರು, ಹೇಳ್ತೀರಿ" ಎಂದು ಉದ್ದಜಡೆ ಅವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳು.

ಗಡುವು ಮುಗಿಯುವ ಹಿಂದಿನ ದಿನ ಜೋಡಿಯಕ್ಕ ಮತ್ತೆ ಮಾಲೀಕರ ಕೋಣೆಗೆ ಹೋದರು. ಈ ಸಲ ಬುಟ್ಟಿ ಇರಲಿಲ್ಲ. "ಸಾರ್, ನಾಳೆ ಅಧಿಕಾರಿ ಹತ್ರ ಹೋಗ್ತೀನಿ. ನಿಮಗೆ ಹೇಳದೇ ಹೋಗೋಕೆ ಮನಸ್ಸು ಬರ್ಲಿಲ್ಲ." ಮಾಲೀಕರು ಕೇಳಿದ್ದು ಒಂದೇ: "ಯೋಚನೆ ಮಾಡಿದ್ದೀರಾ?" ಇವರು ಕೊಟ್ಟ ಉತ್ತರ: "ಮಾಡಿದೆ ಸಾರ್. ಏನೂ ಹೊಳೀಲಿಲ್ಲ. ಹೊಳೀಲಿಲ್ಲ ಅಂತ ಎಷ್ಟು ದಿನ ಕೂರಲಿ?"

ಅಧಿಕಾರಿ ಕಾರ್ಖಾನೆಗೇ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಬೆಂಚಿನ ಪಕ್ಕ ಮಗುಚಿದ ಡಬ್ಬದ ಮೇಲೆ ಕೂತು ಇಡೀ ಬೆಳಗ್ಗೆ ನೋಡಿದರು. ಅವರಿಗೂ ಗೊಂದಲ. ಆದೇಶದ ಪಟ್ಟಿಯಲ್ಲಿ ಬೀಗ ಇದೆ, ಗಡಿಯಾರ ಇದೆ, ಕತ್ತರಿ ಇಲ್ಲ. ತಿರುಪು ಬಿಗಿಯುವುದನ್ನು ಹೊಂದಿಸುವುದು ಎನ್ನಬೇಕೇ? ಎಣ್ಣೆ ಬಿಟ್ಟು ಒರೆಸುವುದನ್ನು? ಎರಡು ಸಲ ಫೋನು ಮಾಡಿ ಮೇಲಿನವರನ್ನು ಕೇಳಿದರು. ಎರಡು ಸಲವೂ ಬೇರೆಬೇರೆ ಉತ್ತರ ಬಂತು. ಕೊನೆಗೆ ತಮಗೆ ಕಂಡಂತೆ ಬರೆದರು. ಹೊಟ್ಟೆ ಕೊಡುವ ಜೋಡಿಯಕ್ಕ ಕುಶಲ. ಉಳಿದ ನಾಲ್ವರು ಅರೆಕುಶಲ.

ಬೆಂಚು ಉಳಿಯಿತು. ಐದೂ ಜನ ಮೇಲಿನ ದರಕ್ಕೆ ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಮಾಲೀಕರೂ ಹೇಳಲಾರರು. ಅವರು ಮೊದಲ ಬಾರಿಗೆ ಕತ್ತರಿಯ ಬೆಲೆ ಏರಿಸಿದರು. ಸಗಟು ವ್ಯಾಪಾರಿ ಗೊಣಗಿ ಒಪ್ಪಿಕೊಂಡ, ಆದರೆ ಕೊಳ್ಳುವ ಸರಕು ಇಳಿಸಿದ. ಅದರಿಂದ ಬೆಂಚಿಗೆ ಶನಿವಾರ ಕೆಲಸವಿಲ್ಲ, ಶನಿವಾರದ ಕೂಲಿಯೂ ಇಲ್ಲ. ದಿನದ ದರ ಏರಿತು, ದಿನಗಳು ಇಳಿದವು. ಒಂದು ತಿಂಗಳು ಜೋಡಿಯಕ್ಕನ ಕೈಗೆ ಮೊದಲಿಗಿಂತ ತುಸು ಹೆಚ್ಚು ಬರುತ್ತದೆ, ಇನ್ನೊಂದು ತಿಂಗಳು ತುಸು ಕಡಿಮೆ.

"ಗೆದ್ದಿರೋ ಸೋತಿರೋ ಅಂತ ನಾದಿನಿ ದಿನಾ ಕೇಳ್ತಾಳೆ. ನಾನೇನು ಹೇಳಲಿ? ಶನಿವಾರ ಕಾಲು ಚಾಚಿ ಕೂರ್ತೀನಿ. ಆವಾಗ ಗೆದ್ದೆ ಅನ್ಸುತ್ತೆ. ತಿಂಗಳ ಕೊನೇಲಿ ಅನ್ಸಲ್ಲ."

ಬೆಂಚಿನಲ್ಲಿ ಕೆಲವು ದಿನ ಮಾತು ತಣ್ಣಗಿತ್ತು. ಒಬ್ಬಳು ಮೇಲೆ, ನಾಲ್ವರು ಕೆಳಗೆ. ಬೇಡ ಎಂದಿದ್ದ ಇಬ್ಬರೇ ಹೆಚ್ಚು ಮುನಿಸಿಕೊಂಡರು. "ಮಹಾರಾಣಿಗೆ ದಾರಿ ಬಿಡ್ರೇ" ಎಂದು ಉದ್ದಜಡೆಯೂ ಒಮ್ಮೆ ಚುಚ್ಚಿದಳು. ಆದರೆ ಅಧಿಕಾರಿ ಹೊರಡುವ ಮುಂಚೆಯೇ ಜೋಡಿಯಕ್ಕ ಒಂದು ಮಾತು ಕೇಳಿಟ್ಟುಕೊಂಡಿದ್ದರು: ಇವರಿಗೂ ಹೊಟ್ಟೆ ಕೊಡೋಕೆ ಬಂದ್ರೆ? ಬಂದರೆ ಮುಂದಿನ ವರ್ಷದ ಪರಿಶೀಲನೆಯಲ್ಲಿ ಅವರೂ ಕುಶಲರೇ ಎಂದು ಅಧಿಕಾರಿ ಹೇಳಿದ್ದರು.

ನಾನು ಕೊನೆಯ ಸಲ ಹೋದಾಗ ಬೆಂಚಿನಲ್ಲಿ ಸುತ್ತಿಗೆ ಇರುವುದು ಉದ್ದಜಡೆಯ ಕೈಯಲ್ಲಿ. ಅವಳು ತಟ್ಟುತ್ತಾಳೆ, ಜೋಡಿಯಕ್ಕ ಅಲಗನ್ನು ಬೆರಳಿನಿಂದ ಸವರಿ ನೋಡುತ್ತಾರೆ.

"ಜಾಸ್ತಿ ಆಯ್ತು. ತುಂಬು ಬಸುರಿ ಥರ ಇದೆ."

"ಮತ್ತೆ ಎಷ್ಟು ಕೊಡ್ಲಿ ಅಕ್ಕ?"

"ಊಟ ಆದ ಮೇಲೆ ಸ್ವಲ್ಪ ಮುಂದೆ ಬರುತ್ತಲ್ಲ, ಅಷ್ಟು."

"ಯಾರ ಊಟ? ನಿಮ್ಮದೋ ನನ್ನದೋ?"

"ನಿನ್ನದು ಊಟ ಅಲ್ಲ ಕಣೇ, ಸುಗ್ಗಿ. ನನ್ನದು ಲೆಕ್ಕಕ್ಕೆ ಹಿಡಿ."

ಉಳಿದ ಮೂವರು ಬಾಯಿ ಮುಚ್ಚಿಕೊಂಡು ನಗುತ್ತಾರೆ, ಮುನಿಸಿಕೊಂಡವರೂ. ಅಷ್ಟರಲ್ಲಿ ಮಾಲೀಕರು ಆ ಕಡೆ ಬರುತ್ತಾರೆ. ನಗು ನಿಲ್ಲುತ್ತದೆ. ಉದ್ದಜಡೆಯ ಕೈಯಲ್ಲಿರುವ ಸುತ್ತಿಗೆಯನ್ನು ಅವರು ನೋಡುತ್ತಾರೆ. ಆ ಹುಡುಗಿ ಒಂದು ಅಲಗನ್ನು ಸರಿಯಾಗಿ ತಟ್ಟಲು ಕಲಿತರೆ ತಮ್ಮ ಕೊನೆಯ ತಿರುಪಿನಿಂದ ಇನ್ನೊಂದು ಚೂರು ಹೋಗುತ್ತದೆ ಎಂದು ಅವರಿಗೆ ಗೊತ್ತು. ಜೋಡಿಯಕ್ಕನಿಗೂ ಗೊತ್ತು.

"ನೀವು ಕಲಿಸಿದಷ್ಟೂ ನನಗೆ ಖರ್ಚು ಜೋಡಿಯಕ್ಕ" ಎನ್ನುತ್ತಾರೆ ಮಾಲೀಕರು. ಸಿಟ್ಟಿನಿಂದಲ್ಲ, ಮಳೆ ಬರುವ ಹಾಗಿದೆ ಎಂದು ಹೇಳುವ ದನಿಯಲ್ಲಿ.

"ಹೌದು ಸಾರ್."

"ನಾಲ್ಕೂ ಜನಕ್ಕೆ ಕಲಿಸ್ತೀರಾ?"

"ಬಂದ್ರೆ ಕಲಿಸ್ತೀನಿ ಸಾರ್. ನೀವು ಬೇಡ ಅಂದ್ರೆ..." ಇಡೀ ಬೆಂಚು ಕಾಯುತ್ತದೆ.

ಬೇಡ ಎನ್ನಲು ಮಾಲೀಕರು ಬಾಯಿ ತೆರೆಯುತ್ತಾರೆಂದು ನನಗೆ ಅನ್ನಿಸಿತು. ಅವರು ಉದ್ದಜಡೆ ತಟ್ಟಿದ ಕತ್ತರಿಯನ್ನು ಎತ್ತಿಕೊಂಡು, ತೆರೆದು, ಮುಚ್ಚಿ, ಇನ್ನೊಮ್ಮೆ ತೆರೆದು, ಬೆಂಚಿನ ಮೇಲಿಟ್ಟು ಹೊರಟುಹೋಗುತ್ತಾರೆ. ಹೂಂ ಅಂದದ್ದೋ ಉಹುಂ ಅಂದದ್ದೋ ಯಾರಿಗೂ ತಿಳಿಯುವುದಿಲ್ಲ. ಉದ್ದಜಡೆ ಸುತ್ತಿಗೆ ಹಿಡಿದೇ ಕೇಳುತ್ತಾಳೆ: "ಈಗ ಏನು ಮಾಡೋದು ಅಕ್ಕ?"

"ಇನ್ನೊಂದು ಅಲಗು ತಗೋ."

ಮುಂದಿನ ವರ್ಷಕ್ಕೆ ಏನು ಆಸೆ ಎಂದು ಕೇಳಿದರೆ ಜೋಡಿಯಕ್ಕ ಕೈಯಲ್ಲಿದ್ದ ಅಲಗನ್ನು ಒರೆಸಿ ಬುಟ್ಟಿಗೆ ಹಾಕುತ್ತಾರೆ. ಕೂಲಿಯ ಮಾತು ಬರುತ್ತದೆಂದು ನಾನು ಕಾಯುತ್ತೇನೆ. "ಹೊಟ್ಟೆ ಕೊಡೋಕೆ ನಾಲ್ಕು ಜನಕ್ಕೂ ಕೈ ಕೂರಬೇಕು" ಎನ್ನುತ್ತಾರೆ. "ಕೂತ ಮೇಲೆ ಯಾರು ಕೊಡ್ತಾರೆ, ಎಷ್ಟು ಕೊಡ್ತಾರೆ, ಕಂಪನಿ ಇರುತ್ತೋ ಇಲ್ವೋ, ಅದೆಲ್ಲ ನನಗೆ ಅರ್ಥವಾಗಲ್ಲ. ಅರ್ಥವಾಗೋರು ಯಾರಾದ್ರೂ ಸಿಕ್ರೆ ಕಳಿಸಿಕೊಡಿ, ಕೇಳ್ಕೋತೀನಿ. ಆದ್ರೆ ಮುಂದೇನಾಗುತ್ತೋ ಗೊತ್ತಿಲ್ಲ ಅಂತ, ನನಗೆ ಬರೋ ಕೆಲಸನ ಮುಚ್ಚಿಟ್ಕೊಂಡು ಕೂರೋಕೆ ನನ್ನ ಕೈಲಿ ಆಗಲ್ಲ."